ಕುಂಚಿಗೆಯಲ್ಲಿ ಕಟ್ಟಿದ ಬೀಜ

ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ನಾನು ಮೊದಲನೇ ಸಲಕ್ಕೆ ಓಗೊಡುವುದಿಲ್ಲ. ಎರಡನೇ ಸಲ ಕರೆಯಬೇಕು. ಇದಕ್ಕೆ ಸೊಕ್ಕು ಅಂದವರಿದ್ದಾರೆ, ಕಿವಿ ಮಂದ ಅಂದವರಿದ್ದಾರೆ. ನನ್ನ ಗಂಡನಂತೂ ಮದುವೆಯಾದ ಹೊಸದರಲ್ಲಿ ಸಿಂದಗಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಯೊಳಗೆ ಬ್ಯಾಟರಿ ಬಿಡಿಸಿ ನೋಡಿಸಿದ. ಕಿವಿಗೆ ಏನೂ ಆಗಿರಲಿಲ್ಲ. ಮೊದಲನೇ ಕೂಗು ನನಗಲ್ಲದೆ ಇನ್ನೊಬ್ಬಳಿಗೂ ಇರಬಹುದು ಎಂದು ಒಂದು ಗಳಿಗೆ ಕಾಯುವ ರೂಢಿ ನನ್ನದು, ಅಷ್ಟೇ. ಈ ಮಾತನ್ನು ಡಾಕ್ಟರಿಗೆ ಹೇಳಿದ್ದರೆ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಹಾಗೆ ಕಾಯುವುದನ್ನು ನಾನು ಕಲಿತದ್ದು ಕನ್ನೊಳ್ಳಿಯ ನಮ್ಮ ಮನೆಯಲ್ಲಿ, ಒಂಬತ್ತು ವರ್ಷದವಳಿದ್ದಾಗ, ಬೀಜದ ಕೋಣೆಯ ಬಾಗಿಲಲ್ಲಿ ನಿಂತು.

ಮಣ್ಣಿನ ಮಾಳಿಗೆಯ ಮನೆ ಅದು. ತಲಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಎಡಕ್ಕೆ ಅಡುಗೆಮನೆ, ಅಡುಗೆಮನೆಯ ಬೆನ್ನಿಗೆ ಬೀಜದ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ತಾಟಿನಷ್ಟು ಅಗಲದ ಒಂದು ಬೆಳಕಿಂಡಿ. ನಾವು ಊಟಕ್ಕೆ ಕೂಡುವ ಹೊತ್ತಿಗೆ ಅದರಿಂದ ಬಿದ್ದ ಬಿಸಿಲು ನೆಲದ ಮೇಲಿರುತ್ತಿತ್ತು, ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಗೋಡೆ ಹತ್ತಿ, ದೀಪ ಇಡುವ ಗೂಡು ಇರುತ್ತದಲ್ಲ, ಅಂಥ ಒಂದು ಮಾಡದೊಳಗೆ ಹೋಗಿ ಕೂಡುತ್ತಿತ್ತು. ಹೊರಗೆ ಬೇಸಿಗೆಯ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಳಗೆ ಹೆಜ್ಜೆ ಇಟ್ಟರೆ ಮೈ ಜುಂ ಅನ್ನುವಷ್ಟು ತಂಪು. ಜೋಳದ ಚೀಲಗಳ ವಾಸನೆ, ಬೂದಿಯ ವಾಸನೆ, ನೆನೆದ ಬೀಜದ ವಾಸನೆ. ನೆನೆದ ಬೀಜಕ್ಕೆ ತನ್ನದೇ ಒಂದು ವಾಸನೆ ಇದೆ, ಬೆಳಿಗ್ಗೆ ಎದ್ದ ಕೂಸಿನ ಬಾಯಿಯದ್ದು ಇರುತ್ತದಲ್ಲ, ಅಂಥದು.

ಆ ಕೋಣೆ ಅತ್ತಿಯದು. ಅತ್ತಿ ಎಂದರೆ ಅಪ್ಪನ ಅಕ್ಕ, ನೀಲವ್ವ. ಗಂಡ ತೀರಿದ ಮೇಲೆ ಮೋರಟಗಿಯಿಂದ ತವರಿಗೆ ಬಂದವಳು. ಬೀಜ ಎಬ್ಬಿಸುವುದರಲ್ಲಿ ಅವಳನ್ನು ಬಿಟ್ಟರೆ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಮುಂಗಾರಿನ ಮಿರಗ ಮಳೆ ಇನ್ನೂ ದೂರ ಇರುವಾಗಲೇ ಹೆಂಗಸರು ಸೆರಗಿನ ಚುಂಗಿನಲ್ಲಿ ಹೀರೆ, ಹಾಗಲ, ಸವತೆ, ಬದನೆ ಬೀಜ ಕಟ್ಟಿಕೊಂಡು ಬರುತ್ತಿದ್ದರು. ಬಿಸಿಲು ಮಾಡಕ್ಕೆ ಬಂದ ಕೂಡಲೆ ಅತ್ತಿ ಬೀಜವನ್ನು ಮಣ್ಣಿನ ಗಡಿಗೆಗೆ ಹಾಕುವಳು. ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಗೋಮೂತ್ರ. ಮರುದಿನ ಬಿಸಿಲು ಅದೇ ಮಾಡಕ್ಕೆ ಬಂದಾಗ ತೆಗೆದು, ಒದ್ದೆ ಹಳೆ ಅರಿವೆಯಲ್ಲಿ ಕಟ್ಟಿ, ಜೋಳದ ಚೀಲಗಳ ನಡುವಿನ ಸಂದಿಯಲ್ಲಿ ಬೆಚ್ಚಗೆ ಇಡುವಳು. ಮೂರನೇ ದಿನ ಬಿಸಿಲು ಬಂದಾಗ ಗಂಟು ಬಿಚ್ಚಿ ಮೊರದಲ್ಲಿ ಹರವಿ ನೆರಳಲ್ಲಿ ಆರಿಸುವಳು. ಬೀಜ ಉಬ್ಬಿರಬೇಕು, ಬಾಯಿ ಬಿಟ್ಟಿರಬಾರದು. ಗಡಿಯಾರದ ಕೆಲಸವನ್ನೆಲ್ಲ ಆ ಬೆಳಕಿಂಡಿಯೇ ಮಾಡುತ್ತಿತ್ತು.

"ಬೀಜಾನ ಎಬ್ಬಿಸಬೇಕವ್ವಾ, ಆದ್ರ ಹಾಸಿಗಿ ಬಿಟ್ಟ ಹೊರಗ ಬರಗೊಡಬಾರದು. ಕಣ್ಣ ತೆರೀತು ಅನ್ನೂದ್ರಾಗ ಮತ್ತ ಮಲಗಿಸಬೇಕು. ಆಮ್ಯಾಲ ಮಣ್ಣಿಗಿ ಹಾಕಿದ್ರ ಎಲ್ಲಾ ಒಮ್ಮೆಲೆ ಏಳ್ತಾವು."

"ಪೂರಾ ಎದ್ದ ಬಿಟ್ರ, ಅತ್ತಿ?"

"ಎದ್ದದ್ದನ್ನ ಮಲಗಿಸಾಕ ಬರೂದಿಲ್ಲ. ಆರಿಸಿದ್ರ ಸಾಯ್ತೈತಿ."

ಎಷ್ಟೋ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆಂದು ಹೇಳಿದರು. ಬೀಜ ನೀರು ಕುಡಿದು ಒಳಗಿನ ತಯಾರಿಯನ್ನೆಲ್ಲ ಮಾಡಿಕೊಳ್ಳುತ್ತದಂತೆ, ಬೇರು ಹೊರಬೀಳುವ ಮುಂಚೆ ಆರಿಸಿಟ್ಟರೆ ಆ ತಯಾರಿ ಹಾಗೇ ಉಳಿಯುತ್ತದಂತೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಅಷ್ಟೂ ಬರೆದುಕೊಂಡೆ. ಕೆಳಗೆ ಅತ್ತಿಯ ಹೆಸರನ್ನೂ ಬರೆದೆ. ಪಕ್ಕದವರು ಚಹಾ ಬೇಕಾ ಎಂದು ಕೇಳಿದರು.

ಅತ್ತಿಗೆ ನನ್ನ ಮೇಲೆ ಬಹಳ ಪ್ರೀತಿ ಎಂದು ನಾನು ತಿಳಿದಿದ್ದೆ. ತಿಳಿಯದೆ ಏನು? ಅವ್ವ ರೊಟ್ಟಿ ಬಡಿಯುವಾಗ ಅತ್ತಿ ಕಡೆಯ ಹಿಟ್ಟು ಕೇಳಿ ಇಸಿದುಕೊಂಡು ಅಂಗೈಯಷ್ಟು ಅಗಲದ ಪುಟ್ಟ ರೊಟ್ಟಿ ಮಾಡಿ ನನ್ನ ತಾಟಿಗೆ ಹಾಕುತ್ತಿದ್ದಳು. ಒಂದಲ್ಲ, ಎರಡು. "ಕಸ್ತೂರಿಗೊಂದು," ಎನ್ನುವಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಾಕಿ ಮತ್ತೆ, "ಕಸ್ತೂರಿಗೊಂದು." ನಾನು ಎರಡನ್ನೂ ಶೇಂಗಾ ಹಿಂಡಿ, ಕೆನೆಮೊಸರು ಹಚ್ಚಿ ತಿಂದು ಮುಗಿಸುತ್ತಿದ್ದೆ. ವರ್ಷಕ್ಕೊಮ್ಮೆ ನನಗೊಂದು ಪರಕಾರ, ಅಂದರೆ ಲಂಗ, ಹೊಲಿಸುತ್ತಿದ್ದಳು, ಅದು ಯಾವಾಗಲೂ ನನಗೆ ಎರಡು ಬೆರಳು, ನಾಲ್ಕು ಬೆರಳು ಉದ್ದ. ಬೆಳೆಯುವ ಹುಡುಗಿ ಎಂದು ದೊಡ್ಡದು ಹೊಲಿಸುತ್ತಾಳೆ ಅಂದುಕೊಂಡಿದ್ದೆ. ಎಡವಿ ಬಿದ್ದು ಮೊಣಕಾಲು ಒಡೆದುಕೊಂಡರೂ ಬೈಯಲಿಲ್ಲ. ಅವಳು ನನ್ನನ್ನು ಕರೆಯುವಾಗ ಕಣ್ಣು ನನ್ನ ಮುಖದ ಮೇಲೆ ಇರುತ್ತಿರಲಿಲ್ಲ, ನನ್ನ ಭುಜದ ಆಚೆ, ನನಗಿಂತ ಚೂರು ಎತ್ತರದ ಯಾವುದೋ ಜಾಗದಲ್ಲಿ ಇರುತ್ತಿತ್ತು. ಅತ್ತಿಯದು ಮೆಳ್ಳಗಣ್ಣು ಎಂದು ನಾನು ಗೆಳತಿಯರಿಗೆ ಹೇಳಿಕೊಂಡು ತಿರುಗಿದ್ದೆ.

ಆ ಬೇಸಿಗೆಯ ಒಂದು ನಡುಹಗಲು. ಅಪ್ಪ ಹೊಲದಲ್ಲಿದ್ದ, ಅವ್ವ ಪಡಸಾಲೆಯಲ್ಲಿ ಬ್ಯಾಳಿ ಹಸನು ಮಾಡುತ್ತಿದ್ದಳು. ಓಣಿಯಲ್ಲಿ ನಾಯಿ ಕೂಡ ಸುಳಿದಿರಲಿಲ್ಲ. ಬೀಜದ ಕೋಣೆಯಿಂದ ಅತ್ತಿಯ ದನಿ ಕೇಳಿಸಿತು.

"ಕಸ್ತೂರಿ… ಏಳವ್ವಾ."

ಎದ್ದೇ ಇದ್ದೇನಲ್ಲ, ಈ ಅತ್ತಿಗೇನಾಗಿದೆ ಎಂದು ನಗುತ್ತ ಓಡಿದೆ. ಬಾಗಿಲಲ್ಲಿ ನಿಂತೆ. ಅತ್ತಿ ನನಗೆ ಬೆನ್ನು ಮಾಡಿ ಕೂತಿದ್ದಳು. ಮಾಡದಲ್ಲಿ ಬಿಸಿಲು ಇತ್ತು, ಉಳಿದದ್ದೆಲ್ಲ ಕತ್ತಲೆ. ಅವಳ ತೊಡೆಯ ಮೇಲೆ ಒಂದು ಗಂಟು. ಬೇರೆಯವರ ಬೀಜವನ್ನು ಯಾವುದೋ ಚಿಂದಿಯಲ್ಲಿ ಕಟ್ಟುವವಳು ನಮ್ಮ ಮನೆಯ ಹೀರೆಬೀಜವನ್ನು ಮಾತ್ರ ಒಂದು ಕುಂಚಿಗೆಯಲ್ಲಿ ಕಟ್ಟುತ್ತಿದ್ದಳು. ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುತ್ತಾರಲ್ಲ, ಆ ಕುಂಚಿಗೆ. ಹಸಿರು ಖಣದ್ದು. ಟೊಪ್ಪಿಗೆಯ ಭಾಗದಲ್ಲಿ ಬೀಜ ತುಂಬಿ, ಕೆಳಗಿನ ಅರಿವೆಯನ್ನು ಸುತ್ತಿ ಕಟ್ಟಿದರೆ ಥೇಟ್ ಬಟ್ಟೆಯಲ್ಲಿ ಸುತ್ತಿದ ಕೂಸು. ನಾನು, "ಓ ಅತ್ತಿ," ಎಂದೆ. ಅವಳು ತಿರುಗಲಿಲ್ಲ. ಗಂಟನ್ನು ಮೆಲ್ಲಗೆ ತಟ್ಟಿದಳು.

"ಕಸ್ತೂರಿ, ಎದ್ದಿ? ಹಾಂ. ಸಾಕಿನ್ನ. ಮಕ್ಕೊ. ಮಕ್ಕೊ ನಮ್ಮವ್ವ."

ಕರೆದದ್ದು ನನ್ನ ಹೆಸರು, ಕರೆಸಿಕೊಂಡವಳು ನಾನಲ್ಲ. ಆಮೇಲೆ ಹೇಗೆ ಅಡುಗೆಮನೆಗೆ ಬಂದೆನೋ ಗೊತ್ತಿಲ್ಲ. ಅವತ್ತು ಸಂಜೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಕೇಳಿದೆ.

"ಅವ್ವಾ, ಅತ್ತಿ ಬೀಜ ಕಟ್ಟೂ ಕುಂಚಗಿ ನಂದಲ್ಲೇನು?"

"ನಿಂದೆಲ್ಲೀದು? ನಿನ್ನ ಕುಂಚಗಿ ಚಿಂದಿ ಆಗಿ ಕಂದೀಲ ಒರಸಾಕ ಹೋಗಿ ಎಷ್ಟೋ ವರ್ಷಾತು."

"ಹಂಗಾರ ಅದು ಯಾರ್ದು?"

ಅವ್ವನ ಕೈ ನಿಂತಿತು. ರೊಟ್ಟಿ ಬಡಿಯುವ ಸಪ್ಪಳ ನಿಂತರೆ ನಮ್ಮ ಮನೆಯಲ್ಲಿ ಏನೋ ಆಗಿದೆ ಎಂದೇ ಲೆಕ್ಕ.

"ಕಸ್ತೂರೀದು."

"ಕಸ್ತೂರಿ ನಾನಲ್ಲೇನು?"

"ನೀನೂ ಹೌದು," ಎಂದಳು ಅವ್ವ.

ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕಪ್ಪಾಗುವವರೆಗೆ ಹೇಳಿದಳು. ಮೋರಟಗಿಯಲ್ಲಿ ಅತ್ತಿಗೊಂದು ಹೆಣ್ಣುಕೂಸು ಆಗಿತ್ತು. ಹಲ್ಲು ಬರುವ ಹೊತ್ತಿಗೆ ಜ್ವರ ಬಂದು ಹೋಯಿತು. ಅಲ್ಲೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ವರ್ಷದೊಳಗೆ ಗಂಡನೂ ಹೋದ. ಅಪ್ಪ ಹೋಗಿ ಅಕ್ಕನನ್ನು ಕರೆದುಕೊಂಡು ಬಂದ. ಆ ಕೂಸಿಗಿಂತ ನಾನು ಎರಡು ವರ್ಷಕ್ಕೆ ಚಿಕ್ಕವಳು. ನನಗೆ ಮಹಾದೇವಿ ಎಂದು ಇಡಬೇಕೆಂದು ಅವ್ವ ಬಸುರಿದ್ದಾಗಲೇ ಗೊತ್ತು ಮಾಡಿದ್ದಳು. ಆದರೆ ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅದು ಎಲ್ಲರ ಮನೆಯ ಪದ್ಧತಿ. ಅತ್ತಿ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ್ದು ಮಹಾದೇವಿ ಅಲ್ಲ.

"ಕಿವ್ಯಾಗ ಹೇಳಿದ ಹೆಸರ ಹೊರಗ ತಗ್ಯಾಕ ಬರೂದಿಲ್ಲ. ಬರ್ತಿದ್ರ ನಾ ಅವತ್ತ ತಗೀತಿದ್ದೆ," ಎಂದು ಅವ್ವ ಕರಕಾದ ರೊಟ್ಟಿಯನ್ನು ಎಮ್ಮೆಯ ಕಡೆ ಎಸೆದಳು.

ಅವತ್ತು ರಾತ್ರಿಯ ಊಟದಲ್ಲಿ ನನ್ನ ತಾಟಿಗೆ ಎಂದಿನಂತೆ ಎರಡು ಪುಟ್ಟ ರೊಟ್ಟಿ ಬಿದ್ದವು. ಯಾವುದು ನನ್ನದು? ಮೊದಲನೆಯದೋ ಎರಡನೆಯದೋ? ಇಷ್ಟು ವರ್ಷ ಯಾರ ಪಾಲನ್ನು ತಿಂದು ಬೆಳೆದೆ? ಉದ್ದ ಪರಕಾರ ಯಾರ ಅಳತೆಯದು ಎಂದು ಆಗ ತಿಳಿಯಿತು. ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಪ್ರತಿ ವರ್ಷ ನನ್ನ ಜೊತೆಗೇ ಬೆಳೆಯುತ್ತಿದ್ದಾಳೆ, ನನ್ನ ಭುಜದ ಹಿಂದೆಯೇ ನಿಂತಿದ್ದಾಳೆ, ಅತ್ತಿ ನೋಡುವುದು ಅವಳ ಮುಖ. ನಾನು ತಟ್ಟನೆ ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು. ಆ ದಿನದಿಂದ ಹಗಲುಹೊತ್ತಿನಲ್ಲಿ ಕೂಡ ಗೋಡೆಗೆ ಬೆನ್ನು ಕೊಟ್ಟೇ ಕೂಡತೊಡಗಿದೆ. ಹೆದರಿಕೆ ಒಂದು ಕಡೆ, ಹೊಟ್ಟೆಕಿಚ್ಚು ಇನ್ನೊಂದು ಕಡೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೇ ಹೆಚ್ಚಿತ್ತು. ಅತ್ತಿ ಒಮ್ಮೆ, ಒಂದೇ ಒಂದು ಸಲ, ನನ್ನ ಮುಖ ನೋಡಿ ನನ್ನನ್ನೇ ಕರೆಯಬೇಕು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು.

ಅದಾದ ಕೆಲವೇ ದಿನಕ್ಕೆ ಮೋರಟಗಿಯಿಂದ ಸುದ್ದಿ ಬಂತು. ಅತ್ತಿಯ ಭಾವ ತೀರಿಕೊಂಡಿದ್ದ. ಕಟ್ಟಿಟ್ಟ ಕುಂಚಿಗೆಯ ಗಂಟು ಚೀಲಗಳ ನಡುವೆ ಇತ್ತು, ಮರುದಿನ ಬಿಚ್ಚಬೇಕಾದದ್ದು. ಅಪ್ಪನ ಜೊತೆ ಹೊರಟ ಅತ್ತಿ ಬಾಗಿಲಲ್ಲಿ ನಿಂತು ನನಗೆ ಹೇಳಿದಳು, ಕಣ್ಣು ಎಂದಿನಂತೆ ನನ್ನ ಆಚೆ.

"ನಾಳೆ ಬೆಳಕ ಮಾಡಕ್ಕ ಬಂದ ಕೂಡ್ಲೇ ಗಂಟ ಬಿಚ್ಚಿ ಮೊರದಾಗ ಹರವು. ಮರತೀಗೀರತಿ ಮತ್ತ. ಮನ್ಯಾಗ ಉಳದ ಹೀರಿಬೀಜ ಇಷ್ಟ."

ಮರುದಿನ ಆಕಾಶದ ತುಂಬ ಮೋಡ. ಮಳೆ ಹನಿಯಲಿಲ್ಲ, ಬಿಸಿಲೂ ಬರಲಿಲ್ಲ. ಮಾಡ ಕಪ್ಪಗೇ ಇತ್ತು. ಬೆಳಕೇ ಬಾರದೆ ಬಿಚ್ಚುವುದು ಹೇಗೆ? ಇದು ನಾನು ನನಗೇ ಹೇಳಿಕೊಂಡ ನೆಪ. ಗುಡಿಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದರು, ಸಿಂದಗಿಯ ಬಸ್ಸು ಹಾರನ್ ಹಾಕಿ ಹೋಯಿತು, ಅವ್ವ ಎಲೆಯಡಿಕೆ ಹಾಕಿಕೊಂಡು ಅಡ್ಡಾದಳು. ಹೊತ್ತು ಎಷ್ಟಾಗಿದೆ ಎಂದು ನನಗೆ ಪಕ್ಕಾ ಗೊತ್ತಿತ್ತು. ನಾನು ಬಿಚ್ಚಲಿಲ್ಲ. ಏಳಲಿ. ಪೂರಾ ಏಳಲಿ. ಎದ್ದು ನನ್ನ ಎದುರಿಗೆ ಬಂದು ನಿಲ್ಲಲಿ, ಅವಳೆಷ್ಟು ದೊಡ್ಡವಳೋ ನೋಡೇಬಿಡುತ್ತೇನೆ. ತಂಬಿಗೆಯಿಂದ ನೀರು ತಂದು ಗಂಟಿನ ಮೇಲೆ ಚಿಮುಕಿಸಿದೆ ಕೂಡ.

ಅತ್ತಿ ಅದೇ ಸಂಜೆ ಬರಬೇಕಾದವಳು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೋಡ ಕದಲಲಿಲ್ಲ. ನಡುಹಗಲಾದ ಕೂಡಲೆ ನನ್ನ ಕಾಲು ತಾವಾಗಿಯೇ ಆ ಕೋಣೆಗೆ ಹೋಗುತ್ತಿದ್ದವು. ಚೀಲಗಳ ನಡುವೆ ಕೈ ಇಟ್ಟರೆ ಗಂಟು ಬೆಚ್ಚಗಿತ್ತು. ಉಬ್ಬಿತ್ತು. ಮೊದಲು ಸಡಿಲವಿದ್ದ ದಾರ ಈಗ ಅರಿವೆಯೊಳಗೆ ಹೂತಿತ್ತು. ಎರಡನೇ ದಿನ ಕಿವಿ ಹಚ್ಚಿದೆ. ನೂಲು ಬಿರಿಯುವಂಥ ಸಣ್ಣ ಸಪ್ಪಳ, ಒಂದು, ಬಹಳ ಹೊತ್ತಿನ ಮೇಲೆ ಇನ್ನೊಂದು. ಓಡಿ ಹೋಗಿ ಎಮ್ಮೆಯ ಹತ್ತಿರ ನಿಂತೆ. ಅದರ ಮುಂದಿನ ದಿನ ಗಂಟನ್ನು ಎತ್ತಿ ಬೆಳಕಿಂಡಿಯ ಕೆಳಗೆ ತಂದೆ. ಕುಂಚಿಗೆಯ ಟೊಪ್ಪಿಗೆಯಲ್ಲಿ, ಕೂಸಿನ ಮುಖ ಇರಬೇಕಾದ ಜಾಗದಲ್ಲಿ, ಬಿಳಿ ಬೇರುಗಳು ಅರಿವೆಯನ್ನು ತೂರಿ ಹೊರಗೆ ಬಂದಿದ್ದವು. ಎಲ್ಲವೂ ನನ್ನ ಕಡೆಗೇ ಬಗ್ಗಿದ್ದವು. ಇದ್ದಲ್ಲೇ ಇಟ್ಟು, ಮೇಲೊಂದು ಚೀಲ ಎಳೆದು, ಹೊರಗೆ ಬಂದೆ. ನೋಡೇಬಿಡುತ್ತೇನೆ ಎಂದವಳು ನೋಡಿಯಾಗಿತ್ತು.

ಅವತ್ತೇ ಇಳಿಹೊತ್ತಿಗೆ ಅತ್ತಿ ಬಂದಳು. ಸೀರೆಯ ಅಂಚು ಮೊಣಕಾಲತನಕ ಕೆಸರು. ಕೈಕಾಲು ತೊಳೆಯದೆ ನೇರ ಬೀಜದ ಕೋಣೆಗೆ ಹೋದಳು. ನಾನು ಕಂಬ ಹಿಡಿದು ನಿಂತೆ. ಬಹಳ ಹೊತ್ತಿನ ಮೇಲೆ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪಡಸಾಲೆಗೆ ಬಂದಳು.

"ಬೆಳಕ ಬರ್ಲಿಲ್ಲತ್ತಿ. ಮೋಡ ಇತ್ತು," ಎಂದೆ.

"ಮೋಡ ಮೋರಟಗ್ಯಾಗೂ ಇತ್ತು. ನೀರ ಯಾರ ಹಾಕ್ಯಾರ? ಅರಿವಿ ಇನ್ನೂ ಹಸಿ ಐತಿ."

"ನಾನ ಹಾಕೀನಿ. ಆಕಿ ಏಳ್ಲಿ ಅಂತ."

"ಯಾರು?"

"ಕಸ್ತೂರಿ."

ಅವ್ವ ಅಡುಗೆಮನೆಯಿಂದ ಹೊರಗೆ ಬಂದವಳು ಆ ಬೇರುಗಳನ್ನು ನೋಡಿ ಹೌಹಾರಿದಳು.

"ಅಯ್ಯ ಶಿವನ! ತಿಪ್ಪಿಗಿ ಒಗೀರಿ ಅಕ್ಕಾರ ಅದನ್ನ! ಸತ್ತ ಕೂಸಿನ ಅರಿವಿ ಮನ್ಯಾಗ ಇಟ್ಕೊಂಡು ನನ್ನ ಮಗಳ ತಲಿ ಕೆಡಿಸೀರಿ. ಒಂಬತ್ತ ವರ್ಷ ಬಾಯಿ ಮುಚ್ಕೊಂಡ ಇದ್ದೀನಿ ನಾ."

ಅಪ್ಪ, ಜಗಳ ಶುರುವಾದಾಗ ಯಾವಾಗಲೂ ಮಾಡುವಂತೆ, ಎತ್ತಿಗೆ ನೀರು ಕುಡಿಸಲು ಹೋಗಿಬಿಟ್ಟ. ಅತ್ತಿ ಗಂಟನ್ನು ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಹೊಲಕ್ಕ ಹೋಗಿದ್ದೆ, ಶಾಂತವ್ವ. ಎರಡ ದಿನ ಹುಡಿಕೀನಿ. ಬದು ಒಡದು ಕಬ್ಬ ಹಚ್ಯಾರ. ಎಲ್ಲಿ ಕಾಲಿಟ್ರೂ ನೀರು. ನನ್ನ ಕೂಸಿನ್ನ ಎಲ್ಲಿ ಇಟ್ಟಿದ್ವಿ ಅಂತ ಗುರ್ತಾ ಸಿಗಲಿಲ್ಲ."

ಅವ್ವ ತಟ್ಟನೆ ಒಳಗೆ ಹೋದಳು. ಸಿಟ್ಟಿನಿಂದ ಹೋದಳು ಅಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಗುದ್ದಲಿ ಇತ್ತು.

ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಗೋಡೆಯ ಬುಡದಲ್ಲಿ ಅವ್ವನೇ ಗುಂಡಿ ತೋಡಿದಳು. ಬೇರನ್ನು ಕುಂಚಿಗೆಯಿಂದ ಬಿಡಿಸಲು ಬರುವಂತಿರಲಿಲ್ಲ, ನೇಯ್ಗೆಯ ಎಳೆಎಳೆಯಲ್ಲಿ ಹೊಕ್ಕಿದ್ದವು. ಅತ್ತಿ ಅದನ್ನು ಇದ್ದ ಹಾಗೇ ಇಳಿಸಿದಳು. ಮೊಣಕಾಲೂರಿ, ಬಾಯಿಯನ್ನು ಮಣ್ಣಿಗೆ ಹಚ್ಚುವಷ್ಟು ಬಗ್ಗಿ, "ಏಳವ್ವಾ," ಎಂದಳು. ಮಕ್ಕೊ ಅಂದು ಮಲಗಿಸಲಿಲ್ಲ. ಅದಕ್ಕಾಗಿ ಕಾಯುತ್ತ ನಿಂತಿದ್ದೆ, ಅನ್ನಲೇ ಇಲ್ಲ. ನಾವು ಮೂವರೂ ಮಣ್ಣು ಎಳೆದೆವು. ಆಮೇಲೆ ಅತ್ತಿ ಕೈ ಕೂಡ ಝಾಡಿಸದೆ ನನ್ನ ತಲೆಯನ್ನು ಹಿಡಿದು ತನ್ನ ಕಡೆ ಎಳೆದುಕೊಂಡಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಕಿವಿಯ ಹತ್ತಿರ ಅವಳ ಬಿಸಿ ಉಸಿರು.

"ಕಸ್ತೂರಿ," ಎಂದಳು. "ಈ ಸಲ ನಿನಗ ಹೇಳೀನಿ."

ಕಣ್ಣು ತೆರೆದೆ. ಅತ್ತಿ ನನ್ನ ಮುಖ ನೋಡುತ್ತಿದ್ದಳು. ಮೆಳ್ಳಗಣ್ಣೂ ಇಲ್ಲ, ಏನೂ ಇಲ್ಲ. ಕಂದು ಬಣ್ಣದ, ಕೆಂಪಾದ, ಚೆಂದದ ಕಣ್ಣು. ನಾನು, "ಓ," ಎಂದು ಅತ್ತುಬಿಟ್ಟೆ. ಮರುದಿನ ಊಟಕ್ಕೆ ಕೂತಾಗ ನನ್ನ ತಾಟಿಗೆ ಒಂದೇ ಪುಟ್ಟ ರೊಟ್ಟಿ ಬಿತ್ತು. ಬೇಕಾದದ್ದು ಸಿಕ್ಕಿತ್ತು. ಆದರೂ ಆ ತಾಟಿನಲ್ಲಿ ಖಾಲಿ ಉಳಿದ ಜಾಗವನ್ನೇ ನೋಡುತ್ತ ಕೂತಿದ್ದೆ, ಅವ್ವ ಎರಡು ಸಲ ಗದರಿಸಿದ ಮೇಲೆ ಉಂಡೆ.

ಮಣ್ಣಿನಿಂದ ಎಲ್ಲವೂ ಒಮ್ಮೆಲೆ ಎದ್ದವು. ಬಳ್ಳಿ ಗೋಡೆ ಹತ್ತಿತು, ಮಾಳಿಗೆಯ ಮೇಲೆ ಹರಡಿತು. ಒಂದು ಕುಡಿ ಮಾತ್ರ, ಅಷ್ಟು ಬಯಲು ಬಿಸಿಲು ಬಿಟ್ಟು, ಬೆಳಕಿಂಡಿಯಿಂದ ಬೀಜದ ಕೋಣೆಯೊಳಗೆ ಇಳಿಯಿತು. ಬಳ್ಳಿ ಬೆಳಕಿನ ಕಡೆ ಹೋಗುತ್ತದೆ ಎಂದು ಪುಸ್ತಕದಲ್ಲಿದೆ, ನಾನೂ ಓದಿದ್ದೇನೆ. ಇದು ಕತ್ತಲೆಗೆ ಬಂತು. ಅವ್ವ ಕತ್ತರಿಸಲು ಹೋದರೆ ಅತ್ತಿ ಬೇಡ ಎಂದಳು. ಅವ್ವನೂ ಹಟ ಮಾಡಲಿಲ್ಲ. ಅದರ ತುದಿಯಲ್ಲಿ ಬಿಳಿಚಿದ ಒಂದು ಹೀರೆಕಾಯಿ ಬಿಟ್ಟು, ಮಾಡದ ಎತ್ತರಕ್ಕೆ ತೂಗಿ, ಅಲ್ಲೇ ಬಲಿತು ಒಣಗಿತು. ಗಾಳಿಯೇ ಇಲ್ಲದ ಆ ಕೋಣೆಯಲ್ಲಿ ಕೆಲವು ನಡುಹಗಲು ಅದರೊಳಗಿನ ಬೀಜ ಗಿಲಿಗಿಲಿ ಅನ್ನುವುದನ್ನು ನಾನು ಕೇಳಿದ್ದೇನೆ. ಇಲಿ ಎಂದ ಅಪ್ಪ. ನಾನು ಮದುವೆಯಾಗಿ ಹೊರಟಾಗ ಅತ್ತಿ ಆ ಬೀಜದ ಪೀಳಿಗೆಯನ್ನು ಒಂದು ಚೀಟಿಯಲ್ಲಿ ಕಟ್ಟಿ ನನ್ನ ಉಡಿಯಲ್ಲಿ ಹಾಕಿದಳು.

ಈಗ ಝಳಕಿಯ ಹೆದ್ದಾರಿ ಬದಿಗೆ ನನ್ನದೊಂದು ಸಸಿಗಳ ನರ್ಸರಿ ಇದೆ. ನೀರಿನ ಬಿಸಿ ಅಳೆಯುವ ಕಡ್ಡಿ ಇದೆ, ಉಪ್ಪು ತೂಗುವ ತಕ್ಕಡಿ ಇದೆ, ಹೊತ್ತು ಹೇಳಲು ಮೊಬೈಲು ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬರುವ ರೈತರು ನಿಮ್ಮ ಬೀಜ ಎಲ್ಲಾ ಒಂದೇ ದಿನ ಏಳ್ತಾವಲ್ರಿ, ಕಾಯೀನೂ ಲಗೂನ ಬಿಡ್ತಾವು ಎನ್ನುತ್ತಾರೆ. ಹೌದ್ರಿ ಎನ್ನುತ್ತೇನೆ. ಹೋದ ವಾರ ಮೊಬೈಲು ಕೂಗಿದಾಗ, ನನ್ನ ಜೊತೆ ಇಷ್ಟೂ ವರ್ಷ ದುಡಿದು ಮುದುಕಿಯಾದ ಸಿದ್ದವ್ವ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಹರವುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಹೊರಗೆ ಮೋಡ ಇತ್ತು.

"ಕಸ್ತೂರಕ್ಕಾ, ಮೂಲ್ಯಾಗ ಒಂದ ಗಂಟ ಉಳದೈತ್ರಿ. ಹೊತ್ತ ಮೀರಾಕತ್ತೈತಿ."

ನಾನು ಓಗೊಡಲಿಲ್ಲ.

"ಕಸ್ತೂರಕ್ಕಾ! ನಿಮಗ ಹೇಳಾಕತ್ತೀನ್ರಿ. ವರ್ಷಾ ವರ್ಷಾ ಒಂದ ಗಂಟ ಮರೀತೀರಲ್ಲ, ಏನಿದು?"

"ಕೇಳಿಸ್ತು ಬಿಡು, ಸಿದ್ದವ್ವ," ಎಂದೆ. "ಒಂದೀಟ ನೀರ ಚಿಮುಕಿಸು. ಏಳ್ಲಿ."